ಹೆಸರಿನ ಬದಿ ಕೆಳಗೆ

ಖಜಾಂಚಿ ನಾನು. ದೇವರನ್ನು ನಂಬುವವನಲ್ಲ,
ಕೂಡಿ ಕಳೆಯುವುದರಲ್ಲಿ ತಪ್ಪುವವನಲ್ಲ,
ಅದಕ್ಕೇ ಈ ಮೇಜು, ಈ ತಗಡಿನ ಡಬ್ಬಿ ನನ್ನ ಪಾಲಿಗೆ.
ಉತ್ತರ ವೇಲ್ಸಿನ ಈ ಕಣಿವೆಯಲ್ಲಿ
ಐನೂರು ವರ್ಷ ನಿಂತ ಇಗರ್ಜಿ.
ಮೊನ್ನೆ ಪಾದ್ರಿ ನೆಸ್ಟಾ ಓದುತ್ತಿದ್ದಾಗ
ಪುಸ್ತಕದ ಮೇಲೆ ಟಪ್ಪೆಂದು ಬಿತ್ತು ಒಂದು ಹನಿ.
ತೋಳಿನಿಂದ ಒರೆಸಿ, ಮುಂದಿನ ಸಾಲಿಗೆ ಹೋದಳು.

ಹನ್ನೊಂದು ಬಕೆಟ್ಟುಗಳಿವೆ ಒಳಗೆ.
ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ,
ಹಳ್ಳವೇನೋ ಆಗುತ್ತಿದೆ,
ನನ್ನ ಡಬ್ಬಿಯಲ್ಲಲ್ಲ.

ಬಾಗಿಲ ಬಳಿಯ ಹಲಗೆಯಲ್ಲಿ ಥರ್ಮಾಮೀಟರಿನ ಚಿತ್ರ;
ಹಣ ಏರಿದಂತೆ ಕೆಂಪು ಏರಬೇಕು.
ಅಗ್ಗದ ಬಣ್ಣ. ಒಂದೇ ರಾತ್ರಿಯ ಮಳೆಗೆ
ಅರವತ್ತು ಸಾವಿರ ಪೌಂಡು
ಇಳಿದು ಹುಲ್ಲಿಗೆ ಹೋಯಿತು.

ಕೇಕು ಮಾರಿದೆವು. ಸತ್ತವರ ಕೋಟು ಮಾರಿದೆವು.
ಗಂಟೆಗೋಪುರ ಹತ್ತಲು ತಲೆಗೆರಡು ಪೌಂಡು ಇಟ್ಟೆವು,
ಹತ್ತಿದವರಿಬ್ಬರು; ಅದರಲ್ಲೊಬ್ಬ ಇನ್ಶೂರೆನ್ಸಿನವನು.
ಕೊನೆಗೆ ಹೊಳೆದದ್ದು: ಹತ್ತು ಪೌಂಡಿಗೊಂದು ಕಲ್ಲುಹಂಚು.
ಬಿಳಿ ಶಾಯಿಯಲ್ಲಿ ಬೇಕಾದ ಹೆಸರು ಬರೆಯಿರಿ,
ಹೆಸರಿನ ಬದಿ ಕೆಳಗೆ ಮಾಡಿ ಹೊದಿಸುತ್ತಾರೆ.
ಓದುವವರು ಬಾವಲಿಗಳು,
ಮತ್ತೆ ನೂರು ವರ್ಷಕ್ಕೆ ರಿಪೇರಿಗೆ ಬರುವ ಯಾರೋ ಒಬ್ಬ.

ಬಂದರು. ನಾಯಿಯ ಹೆಸರು ಬರೆದರು,
ಸೋತೇ ಸೋಲುವ ಫುಟ್ಬಾಲ್ ತಂಡದ ಹೆಸರು.
ಸಾಲ ತೀರಿಸದೆ ಓಡಿಹೋದ ತಮ್ಮನ ಹೆಸರು ಬರೆದು
"ಅಲ್ಲಾದರೂ ತಲೆ ತಗ್ಗಿಸಿರಲಿ" ಎಂದಳು ಕಟುಕನ ಹೆಂಡತಿ.
ಹೆಸ್ಟರ್ ಪ್ರೋಸರ್ ಬಹಳ ಹೊತ್ತು ಕೂತು
ಬರೆದದ್ದು ಟೆಗ್ವೆನ್ ಎಂದಷ್ಟೆ.
ಹುಟ್ಟಿ ಆರನೇ ದಿನಕ್ಕೆ ಹೋದ ಮಗು.
ಶಾಯಿ ಒಣಗುವ ತನಕ ಊದಿದಳು.

ಆಮೇಲೆ ಇದ್ವಾಲ್ ಬಂದ. ಎಂಬತ್ತೆರಡು,
ನಲವತ್ತು ವರ್ಷ ಗಣಿಯಲ್ಲಿ ಕಲ್ಲು ಸೀಳಿದವನು.
"ದುಡ್ಡು ಕೊಡಲಾರೆ, ಕಿವಿ ಕೊಡುತ್ತೇನೆ."
ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿದ.
ಠಣ್ ಅಂದದ್ದು ಈಚೆಗೆ, ಬದ್ ಅಂದದ್ದು ಆಚೆಗೆ.
ಆಚೆಗೆ ಹೋದದ್ದು ಎರಡು:
ಫುಟ್ಬಾಲ್ ತಂಡ. ಟೆಗ್ವೆನ್.

ತಂಡ ನಕ್ಕು ಬೇರೆ ಹಂಚಿನ ಮೇಲೆ ಬರೆಯಿತು.
ಇದನ್ನು ಆಕೆಗೆ ಹೇಳುವವರಾರು?
ಹೊಸದರ ಮೇಲೆ ನಾನೇ ಬರೆದುಬಿಡಲೆ ಎಂದೆ.
ಇದ್ವಾಲ್ ನೋಡಿದ ನೋಟಕ್ಕೆ
ಪೆನ್ನು ಕೆಳಗಿಟ್ಟೆ.

ಅವರ ಗಣಿಯಲ್ಲಿ ಅಳತೆಗಳಿಗೆ ಹೆಸರಿತ್ತಂತೆ,
ದೊಡ್ಡದು ಡಚೆಸ್, ಅದಕ್ಕಿಂತ ಕಿರಿದು ಕೌಂಟೆಸ್, ಆಮೇಲೆ ಲೇಡಿ.
"ಕೌಂಟೆಸ್ ಸೀಳಿದರೇನು, ಲೇಡಿ ಇದ್ದಾಳೆ ಒಳಗೆ."
ಬಿರುಕಿನ ಗುಂಟ ಕತ್ತರಿಸಿದ.
ಕೊನೆಯಕ್ಷರ ಹೋಯಿತು.
ಉಳಿದದ್ದನ್ನು ತಟ್ಟಿದ. ಠಣ್.
ಮಾಡಿನ ನೆತ್ತಿಗೆ ಬೇಕಾದ್ದು ಚಿಕ್ಕವೇ ಅಂತೆ.

ಬರೆದೆ: ಹಂಚು ಒಂದು, ಪೌಂಡು ಹತ್ತು, ಜಮಾ.
ಕತ್ತರಿಸಿದ ಚೂರಿಗೆ ಕಾಲಮ್ಮಿಲ್ಲ.
ಕೋಟಿನ ಜೇಬಿನಲ್ಲಿದೆ ಅದು, ಹೆಸ್ಟರಳಿಗೆ
ಕೊಡುವುದೋ ಬಿಡುವುದೋ ಇನ್ನೂ ತಿಳಿಯದು.
ಮೂವತ್ತೊಂದು ಸಾವಿರ ಇನ್ನೂ ಬೇಕು.
ಒಳಗೆ ಯಾರೋ
ಬಕೆಟ್ಟು ಸರಿಸುತ್ತಿದ್ದಾರೆ.