ಅರ್ಧ ಲೇಸು

ನೋವಿಗಿಂತ ಮೊದಲು ಬರುವುದು ಬೆಳಕು.
ಎಡಗಡೆ ನೋಟದ ಅಂಚಿಗೆ ಒಂದು ಬಿಳಿ ಹಲ್ಲು,
ಅದರ ಪಕ್ಕ ಇನ್ನೊಂದು, ಗರಗಸದ ಹಾಗೆ,
ನಡುಗುತ್ತ, ಬಾಗುತ್ತ, ಕುಡುಗೋಲಾಗಿ ಹಬ್ಬಿ
ಎದುರು ಕೂತವರ ಅರ್ಧ ಮುಖ ತಿಂದುಬಿಡುತ್ತದೆ.
ಆಗ ಕೈಯ ಕಡ್ಡಿಗಳನ್ನು ಕೆಳಗಿಡುತ್ತೇನೆ.
ಇಪ್ಪತ್ತು ನಿಮಿಷ ಇದೆ ನನಗೆ:
ಒಲೆ ಆರಿಸಲು, ಕಿಟಕಿಗೆ ಕಪ್ಪು ಬಟ್ಟೆ ಸಿಕ್ಕಿಸಲು,
ಸೆವ್ವಂದಿಗೆ ಹೇಳಲು, ರೇಡಿಯೋ ಬೇಡ ಮಗಾ.

ವೆಲಿಗಾಮದ ಈ ಬೀದಿಯಲ್ಲಿ ಲೇಸು ಹೆಣೆಯುವವರು
ಮೂವರು ಉಳಿದಿದ್ದೇವೆ.
ನನ್ನ ದಿಂಬಿನ ಮೇಲೆ ನಲವತ್ತು ಜೋಡಿ ಬೀರಳು ಕಡ್ಡಿ,
ಇನ್ನೂರು ಗುಂಡುಸೂಜಿ.
ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಸೂಜಿ
ಬಲಗಣ್ಣಿನ ಹಿಂದೆ ಇರುತ್ತವೆ.

ಹಣೆಬರಹ ಅಂದಳು ಅತ್ತೆ.
ಸೋಮಾರಿತನ ಅಂದ, ಮೀನಿನ ದೋಣಿಯಿಂದಿಳಿದ ಗಂಡ.
(ಸತ್ತವನ ಮೇಲೆ ದೂರಿಲ್ಲ. ಅವನಿಗೆ ತಲೆ ನೋಯುತ್ತಿರಲಿಲ್ಲ, ಅಷ್ಟೇ.)
ಡಿಸ್ಪೆನ್ಸರಿಯ ಮಾತ್ರೆ
ಹೊಟ್ಟೆ ಸೇರುವ ಮೊದಲೇ ಅಂಗಳ ಸೇರಿತು.

ವಿದಾನಗಮಗೆ ವೈದ್ಯರು ನಾಡಿ ಮುಟ್ಟುವ ಮೊದಲು ಕೇಳಿದರು:
ನೋವು ಸೂರ್ಯನ ಜೊತೆ ಏರುತ್ತದೆಯೇ?
ಸೂರ್ಯನ ಜೊತೆ ಇಳಿಯುತ್ತದೆಯೇ?
ಹೌದು ಅಂದೆ. ಸೂರ್ಯಾವರ್ತ ಅಂದರು.
ಅರ್ಧ ತಲೆ ಸೀಳುವುದಕ್ಕೆ ಬೇರೆ ಹೆಸರು: ಅರ್ಧಾವಭೇದಕ.
ಹೆಸರು ಕೇಳಿಯೇ ಒಂದು ಸೂಜಿಯಷ್ಟು ಇಳಿಯಿತು.
ನನ್ನೊಬ್ಬಳದೇ ಹುಚ್ಚು ಅಂದುಕೊಂಡದ್ದಕ್ಕೆ
ಎಷ್ಟೋ ಕಾಲದ ಹಿಂದೆ, ಕತ್ತಲಕೋಣೆಯಲ್ಲಿ
ಯಾರೋ ತಲೆ ಹಿಡಿದು ಕೂತವರು ಇಟ್ಟ ಹೆಸರು.

ಶ್ರೀಗಂಧ ತೇಯ್ದು ಹಚ್ಚು ಅಂದರು, ಹಣೆಬರಹದ ಮೇಲೆಯೇ.
ಕೊತ್ತಂಬರಿ, ಶುಂಠಿ, ಆರು ಲೋಟ ನೀರು ಒಂದಾಗುವವರೆಗೆ.
ಬೆಳಿಗ್ಗೆ ಮೂಗಿಗೆ ಎರಡೆರಡು ಹನಿ ಎಣ್ಣೆ.
ಆಮೇಲೆ ಒಂದು ಕ್ಯಾಲೆಂಡರ್ ಕೊಟ್ಟರು,
ಸಿಮೆಂಟು ಕಂಪನಿಯದು:
ನೋವು ಬರೆಯಬೇಡ, ಉಂಡದ್ದು ಬರೆ, ನಿದ್ದೆ ಬರೆ,
ಮರಳಿನ ಮೇಲೆ ಬಿಸಿಲು ಎಷ್ಟು ನೋಡಿದೆ ಬರೆ.

ಮೂರು ತಿಂಗಳಾದ ಮೇಲೆ ಅವರೇ ಬೆರಳಿಟ್ಟರು,
ಪ್ರತಿ ಹುಣ್ಣಿಮೆಯ ಮರುದಿನದ ಮೇಲೆ.
ಪೋಯ ದಿನ ಶೀಲ ಹಿಡಿಯುತ್ತೀಯಾ?
ಹಿಡಿಯುತ್ತೇನೆ. ಮಧ್ಯಾಹ್ನ ದಾಟಿದರೆ ತುತ್ತು ಮುಟ್ಟುವುದಿಲ್ಲ.
ಸಂಜೆ ಬೆಲ್ಲ ಕೊಡುತ್ತಾರಲ್ಲ ವಿಹಾರದಲ್ಲಿ?
ಬೇಡ ಅನ್ನುತ್ತೇನೆ, ಪುಣ್ಯ ಹೆಚ್ಚಲಿ ಅಂತ.
ವೈದ್ಯರು ಕನ್ನಡಕ ತೆಗೆದು ಒರೆಸಿದರು.
ನಡುದಾರಿ ತೋರಿಸಿದವನ ಅಂಗಳದಲ್ಲಿ ಕೂತು
ನೀನು ಅಂಚಿಗೆ ಯಾಕೆ ಹೋಗುತ್ತೀ? ತಿನ್ನು ಬೆಲ್ಲ.

ಇನ್ನೊಂದು ಮಾತು, ಎಣ್ಣೆಯ ಬಾಟಲಿಗೆ ಬಿರಡೆ ಹಾಕುತ್ತ:
ಎಂದಾದರೂ ಸಿಡಿಲಿನಂತೆ ಒಮ್ಮೆಗೇ ಬಡಿದರೆ,
ನಾಲಿಗೆ ತೊದಲಿದರೆ, ಕೈ ಸೋತರೆ,
ಇಲ್ಲಿಗೆ ಬರಬೇಡ. ಗಾಲೆಯ ದೊಡ್ಡಾಸ್ಪತ್ರೆಗೆ ಓಡು.
ಅಷ್ಟು ಹೇಳಿದ್ದಕ್ಕೇ
ಅವರ ಎಣ್ಣೆಯನ್ನು ನಂಬಿದೆ.

ಹೋಗಿಲ್ಲ ಅದು. ಸಮುದ್ರ ಎಲ್ಲಿಗೆ ಹೋಗುತ್ತದೆ?
ತಿಂಗಳಿಗೆ ಆರು ಸಲ ಹೊಸ್ತಿಲು ದಾಟುತ್ತಿದ್ದದ್ದು
ಈಗ ಎರಡು ಸಲ ಬಂದು ಕಾಲು ನೆನೆಸಿ ಹಿಂದಿರುಗುತ್ತದೆ.
ಗಂಧ ಒಣಗಿ ಹಣೆ ಬಿಗಿಯುವಾಗ
ಯಾರೋ ತಂಪಾದ ಕೈ ಇಟ್ಟು ಮರೆತಂತೆ ಇರುತ್ತದೆ.

ಮೊನ್ನೆ ರಟ್ಟಿನ ಮೇಲೆ ಬರೆದೆ ಆ ಗರಗಸವನ್ನು,
ಹಲ್ಲು ಹಲ್ಲಾಗಿ, ಚುಚ್ಚಿ, ದಿಂಬಿಗೆ ಸಿಕ್ಕಿಸಿದೆ.
ಇದು ಯಾವ ಹೂ ಅಜ್ಜಿ? ಅಂದಳು ಸೆವ್ವಂದಿ.
ಹೂವಲ್ಲ, ಹವಾಮಾನ ಅಂದೆ.
ಅಂಗಡಿಯವನು ಬೇಡ ಅಂದ: ನೋಡಿದರೆ ಕಣ್ಣು ತಿರುಗುತ್ತದಂತೆ!
ವೈದ್ಯರ ಹೆಂಡತಿ ಮಾತ್ರ ಕೇಳಿದ್ದಾರೆ,
ಕಷಾಯದ ಮಡಕೆಗೆ ಮುಚ್ಚಲು.

ಹೇಗಿದೆ ಯಸವತಿ, ಬೀದಿಯಲ್ಲಿ ಕಂಡವರು ಕೇಳುತ್ತಾರೆ.
ಅರ್ಧ ಲೇಸು ಅನ್ನುತ್ತೇನೆ.
ಉಳಿದರ್ಧ ದಿಂಬಿನ ಮೇಲೆಯೇ ಇದೆ,
ಸೂಜಿಗಳ ಸಮೇತ.