ಹಿಂದಿನ ಸೀಟಿನ ಮೂಗು

ಬ್ಯಾಡಗ್ಯಾಗ ಮೆಣಸಿನಕಾಯಿ ಸೀಜನ್ ಅಂದ್ರ
ಮೂಗು ಇದ್ದೂ ಇಲ್ಲದಂಗ.
ಗಾಳಿಗೆ ಘಾಟು, ಪಾನಾ ಒರಸೋ ಅರಿವಿಗೆ ಘಾಟು,
ಚಾದ ಕಪ್ಪಿನ್ಯಾಗೂ ಒಂದು ಸಣ್ಣ ಸೀನು.

ಅಂಥಾದ್ರಾಗ ಬಂತು
ಅಡತಿ ಅಂಗಡಿ ಹಾವನೂರರ ಬಿಳೇ ಇಂಡಿಕಾ.
"ಏನೋ ವಾಸನಿ ಅಂತಾಳ್ರಿ ಇಕಿ.
ನನಗೇನೂ ಬರಂಗಿಲ್ಲ."

ಬಾನೆಟ್ ಎತ್ತಿ, ಮೊದಲ ನನ್ನ ಮೊಣಕೈ ಮೂಸಿದೆ.
ಉಸ್ತಾದ ರಾಜೇಸಾಬ ಕಲಿಸಿದ್ದು:
ನಿನ್ನ ಮೈ ಮೂಸು ತಮ್ಮಾ,
ಮೂಗಿನಿಂದ ಊರು ಇಳೀತೈತಿ.

ಇಳೀಲಿಲ್ಲ.
ಕ್ಲಚ್ ಅಲ್ಲ, ಅದಾದ್ರ ಕೂದಲ ಸುಟ್ಟಂಗ.
ಆಯಿಲ್ ಇರಬೇಕು ಅಂದೆ, ಸುಮ್ಮನ,
ಏನರ ಅನ್ನಬೇಕಲ್ಲ.

ಹಿಂದಿನ ಸೀಟಿನಿಂದ ಬಂತು ದನಿ:
"ಬೆಲ್ಲದ ಪಾಕ ತಳಾ ಹಿಡದಂಗರೀ.
ಮೋಟೆಬೆನ್ನೂರ ದಾಟಿದ ಮ್ಯಾಲೆ ಶುರು.
ಗಾಡಿ ನಿಂತ ಮ್ಯಾಲೆ ಹೆಚ್ಚು.
ತಿಂಗಳಾತು ಹೇಳಾಕತ್ತು."
ಹಾವನೂರರು ನಕ್ಕರು:
"ಊರಿಗೆಲ್ಲಾ ಖಾರ, ಇಕಿಗೊಬ್ಬಾಕಿಗೆ ಸಿಹಿ!"

ರೇಡಿಯೇಟರ್ ಪೈಪಿನ ಬುಡಕ್ಕ ಬ್ಯಾಟರಿ ಹಿಡದೆ.
ಸಡಲಾದ ಕ್ಲಿಪ್ಪು. ಅದರ ಸುತ್ತ
ಒಣಗಿ ಪಕಳಿಗಟ್ಟಿದ ಹಸರು,
ನಡುವ ಒಂದ ಹೊಸಾ ಹನಿ,
ಬೀಳಲೋ ಬ್ಯಾಡೋ ಅನ್ನುವಂಗ.

"ಕೂಲಂಟ್ ಸೋರತೈತಿ. ನಲವತ್ತು ರೂಪಾಯಿ ಕ್ಲಿಪ್ಪು.
ಇನ್ನೊಂದ ವಾರ ಬಿಟ್ಟಿದ್ರ ಹೆಡ್ಡ ಹೋಗತಿತ್ತು."

ನಗಿ ಎಲ್ಲಿಡಬೇಕು ತಿಳೀಲಿಲ್ಲ ಅವರಿಗೆ,
ಪಾಕೀಟ ತಗದರು.
"ನಿನ್ನ ಮಜೂರಿ?"
"ಹುಡಿಕಿದವರು ಹಿಂದ ಕುಂತಾರ, ಅವರನ್ನ ಕೇಳ್ರಿ."

ಅವರು ಕೇಳಲಿಲ್ಲ.
ಆಕಿನೂ ಏನೂ ಕೇಳಲಿಲ್ಲ,
ಕಾಚು ಏರಸತಾ ಏರಸತಾ
ಒಂದ ಗೇಣು ಉಳದಾಗ ಕೈ ನಿಲ್ಲಿಸಿ ಅಂದರು:
"ಅಣ್ಣಾ, ಒಳಗ ಒಲಿ ಮ್ಯಾಲೆ
ನಿಮ್ಮ ಹಾಲು ಹೊತ್ತಾಕತ್ತೈತಿ, ನೋಡ್ರಿ."