ಕೇರಾಫ್

ಕರಾರಿನ ಮೂರನೇ ಪುಟದಲ್ಲಿ
ಹಿಂದಿನ ವಿಳಾಸಗಳನ್ನೆಲ್ಲ ಕೇಳಿದ್ದರು, ತಾರೀಖಿನ ಸಮೇತ.
ಬರೆದೆ:
ಕೇರಾಫ್ ವೀರಭದ್ರಪ್ಪ ಮುದೇನೂರ, ಸ್ಟೇಷನ್ ರೋಡು, ಗದಗ.
ಕೇರಾಫ್ ಡಾಕ್ಟರ್ ಎಸ್. ಬಿ. ಹಂಪಣ್ಣವರ, ಹಲ್.
ಆಮೇಲೆ ಹದಿನಾಲ್ಕು ತಿಂಗಳು
ಕೇರಾಫ್ ಗೆಳತಿ ಶಮೀಮ್, ಲೀಡ್ಸ್,
ಅವಳ ಮಗ ಬಿಟ್ಟುಕೊಟ್ಟ ಕೋಣೆ, ಗೋಡೆ ತುಂಬ ಡೈನೋಸಾರು.

ಗ್ಯಾರೆತ್, ಬಾಡಿಗೆ ಕಚೇರಿಯ ಹುಡುಗ,
ಹುಟ್ಟಿದಂದಿನಿಂದ ಒಂದು ಕಾಗದ ಅಂಚೆಗೆ ಹಾಕಿದವನಲ್ಲ,
ಪೆನ್ನಿನ ತುದಿ ಅಲ್ಲಿಟ್ಟು ಕೇಳಿದ:
ಈ ಕೇರಾಫ್ ಅಂದರೆ ಯಾರು ಮೇಡಮ್,
ಎಲ್ಲ ಮನೆಯಲ್ಲೂ ನಿಮ್ಮ ಜೊತೆಗೇ ಇದ್ದಾರಲ್ಲ?

*

ಯಾರ್ಕಿನಲ್ಲಿ ಬೀದಿಗೆ ಗೇಟು ಅನ್ನುತ್ತಾರೆ,
ಕೋಟೆಬಾಗಿಲಿಗೆ ಬಾರು.
ವಾಮ್‌ಗೇಟ್ ಬಾರ್ ಬಗಲಿಗೇ ಮನೆ ಸಿಕ್ಕಿತು ಅಂದರೆ
ಹುಬ್ಬಳ್ಳಿಯಿಂದ ಅಕ್ಕ:
ಯವ್ವಾ, ಬಾರಿನ ಬಗಲಿಗೇನ? ಒಬ್ಬಾಕಿನ?
ಬ್ಯಾರೆ ಎಲ್ಲೂ ಸಿಗಲಿಲ್ಲೇನ ನಿನಗ?
ಏಳುನೂರು ವರ್ಷದಿಂದ ಒಂದು ಹನಿ ಮಾರಿಲ್ಲ ಅಕ್ಕ ಅದು, ಅಂದೆ.
ನಗಲಿಲ್ಲ.

ದಿನವಿಡೀ ಪರದೆಯ ಮೇಲೆ ಮಂದಿಯ ಮೂಳೆ ನೋಡುವವಳು ನಾನು.
ಈ ಮನೆಗೆ ನನ್ನ ಯಂತ್ರ ಬೇಡ.
ಕರಿ ತೊಲೆ, ಸೊಟ್ಟ ಕಂಬ,
ಎಂದೋ ಮುರಿದು ಕೂಡಿಕೊಂಡ ಗುರುತು,
ಎಲ್ಲ ಹೊರಗೇ ಇದೆ.
ಒಂದರ ಮೇಲೊಂದು ಮೂರು ಅಂತಸ್ತು ಬೀದಿಗೆ ಬಾಗಿವೆ,
ಜಗಳ ಕೇಳಲು ಹೊರಬಂದವರ ಹಾಗೆ.

ಮೊಳೆ ಹೊಡೆಯುವಂತಿಲ್ಲ. ಬಣ್ಣ ಬದಲಿಸುವಂತಿಲ್ಲ.
ಕಿಟಕಿಗೆ ಎರಡನೇ ಗಾಜು ಕೂರಿಸುವಂತಿಲ್ಲ.
ಸಂರಕ್ಷಿತ ಪಟ್ಟಿಯಲ್ಲಿದೆ ಮನೆ,
ಒಳಗಿನ ಚಳಿಯೂ ಸೇರಿ.

ಗ್ಯಾರೆತ್ ಫೋಟೋ ತೆಗೆತೆಗೆದು ಬರೆದುಕೊಂಡ:
ಅಡುಗೆಕಟ್ಟೆಯಲ್ಲಿ ಸುಟ್ಟ ಕಲೆ, ಒಂದು.
ಬಚ್ಚಲ ಕನ್ನಡಿಯ ಮೂಲೆ, ಸೀಳು.
ನಾನು ಬರುವ ಮೊದಲೇ ಇದ್ದವು, ನನ್ನ ಲೆಕ್ಕಕ್ಕಲ್ಲ,
ಇಬ್ಬರದೂ ಸಹಿ.
ಹೀಗೂ ಒಂದು ಪದ್ಧತಿ ಇದೆ ಎಂದು
ಇಪ್ಪತ್ತಾರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ.

ಬೀರುವಿನ ಹಿಂದೆ ಅವನಿಗೆ ಕಾಣದ್ದು ಒಂದಿತ್ತು:
ಹಳೇ ಮೊಳೆ, ಚೌಕ ತಲೆ, ಬಣ್ಣದಲ್ಲಿ ಅರ್ಧ ಮುಳುಗಿ.
ಹೇಳಲಿಲ್ಲ.
ಅವತ್ತು ರಾತ್ರಿ ಕೋಟು ತೂಗುಹಾಕಿದೆ. ತಾಳಿಕೊಂಡಿತು.

*

ಹಾಲು ಉಕ್ಕಿಸಲು ಹೋದರೆ ಒಲೆಗೆ ಬುದ್ಧಿ ಜಾಸ್ತಿ,
ಅಂಚಿಗೆ ಬಂದದ್ದೇ ತಡ, ಕೀ ಎಂದು ಆರಿತು.
ಎರಡನೇ ಸಲವೂ.
ಮೂರನೇ ಸಲ ಒಲೆ ಆರಿದರೂ ಹಾಲು ನಿಲ್ಲಲಿಲ್ಲ,
ಉಕ್ಕಿ, ಇಳಿದು, ಪೂರ್ವ ಪಶ್ಚಿಮ ನೋಡದೆ
ನೆಲದ ವಾಟ ಹಿಡಿದು ಫಾಸ್ ನದಿಯ ದಿಕ್ಕಿಗೆ ಹರಿಯಿತು.
ಈ ಮನೆಯಲ್ಲಿ ಎಲ್ಲವೂ ಆ ಕಡೆಗೇ:
ಕೈಜಾರಿದ ನಿಂಬೆಹಣ್ಣು, ಲಟ್ಟಣಿಗೆ,
ನಿದ್ದೆಯಲ್ಲಿ ನಾನು.

ಮಂಚದ ಎರಡು ಕಾಲಿನಡಿಗೆ
ಹಳೇ ಫೋನ್ ಡೈರೆಕ್ಟರಿಗಳನ್ನು ಕೊಟ್ಟವರು
ಕೆಳಗೆ ಅಂಗಿಗುಂಡಿ ಮಾರುವ ಥ್ಯಾಕ್ರೆ ಅಜ್ಜಿ.
ಹೆಸರು ಕೇಳಿದರು. ಪ್ರಭಾವತಿ.
ಎರಡು ಸಲ ಅಂದು ನೋಡಿ, ಪ್ರ ದಾಟಲಾಗದೆ,
ನೀನು ಎರಡನೇ ಮಹಡಿ, ನಾನು ನೆಲ,
ಸಾಕಲ್ಲ, ಅಂದರು.

ಮಂಗಳವಾರ ಸಂಜೆ ಹತ್ತಿರದ ಚರ್ಚಿನಲ್ಲಿ
ಗಂಟೆ ಬಾರಿಸುವವರ ತಾಲೀಮು.
ತಪ್ಪುತ್ತಾರೆ, ನಿಲ್ಲಿಸುತ್ತಾರೆ, ಮೊದಲಿಂದ ಹಿಡಿಯುತ್ತಾರೆ.
ಇಷ್ಟು ಹಳೆಯ ಊರಿಗೂ ಇನ್ನೂ ಬಾಯಿಪಾಠ ಆಗಿಲ್ಲ.

*

ಬರುವ ಕಾಗದವೆಲ್ಲ ಬೇರೆಯವರದು:
ಮಿಸ್ಟರ್ ಪಿಕರ್ಸ್‌ಗಿಲ್, ಅಗ್ನೀಶ್ಕಾ ಎಂಬ ಯಾರೋ,
ಸತ್ತೇ ಹೋದರೇನೋ ಒಬ್ಬ ಕರ್ನಲ್.
ಕಿಟಕಿಯ ಹಲಗೆಯ ಮೇಲೆ ಜೋಡಿಸಿಟ್ಟಿದ್ದೇನೆ.
ಸದ್ಯಕ್ಕೆ ಅವರೆಲ್ಲ
ಕೇರಾಫ್ ನಾನು.

ನಿನ್ನೆ ನನ್ನದೊಂದು ಬಂತು, ನಗರಸಭೆಯ ಕಂದಾಯ.
ಒಬ್ಬರೇ ವಾಸ, ಕಾಲುಭಾಗ ರಿಯಾಯಿತಿ.
ಒಂಟಿತನಕ್ಕೆ ಅಷ್ಟು ಬೆಲೆ ಕಟ್ಟಿದ್ದಾರೆ, ಇರಲಿ.
ಹೆಸರಿನಲ್ಲಿ ಎರಡು ತಪ್ಪು.
ಹೆಸರಿನ ಕೆಳಗೆ ನೇರ ಮನೆ ನಂಬರು.
ನಡುವೆ ಯಾರೂ ಇಲ್ಲ.
ನಿಂತೇ ಓದಿದೆ. ಕೋಟು ಬಿಚ್ಚದೆ ಇನ್ನೊಮ್ಮೆ ಓದಿದೆ.
ಆ ಮೊಳೆಗೆ ಸಿಕ್ಕಿಸಿದೆ.

ನಾಳೆ ಶುಕ್ರವಾರ.
ಬೀದಿಗೆ ಇಡುವುದು ಕರಿ ಡಬ್ಬವೋ ಹಸಿರೋ,
ಕೆಳಗಿಳಿದು ನೆಲವನ್ನು ಕೇಳಬೇಕು.